ಕಲಾ ಇತಿಹಾಸ ಓದಲು ಊರು ಬಿಡಬೇಕೆ?

ತಂಗಿ, ಎಸ್ಸೆಸ್ಸೆಲ್ಸಿ ಮುಗಿಸಿ ಕಲಾ ಇತಿಹಾಸ ಓದಬೇಕೆಂಬ ನಿನ್ನ ಆಸೆಯೂ ಸರಿ, ‘ಅದರಿಂದ ಹೊಟ್ಟೆ ತುಂಬೀತೇ’ ಎಂಬ ಅಪ್ಪನ ಪ್ರಶ್ನೆಯೂ ಸರಿ. ನಮ್ಮ ರಾಜ್ಯದ ಪಿಯುಸಿಯಲ್ಲಿ ಆ ಹೆಸರಿನ ಪ್ರತ್ಯೇಕ ವಿಷಯ ಇಲ್ಲ. ಕಲಾ ವಿಭಾಗ ಸೇರಿ ಇತಿಹಾಸ ತೆಗೆದುಕೋ. ಜೊತೆಗೆ ಎನ್‌ಸಿಇಆರ್‌ಟಿಯ 11ನೇ ತರಗತಿಯ ಭಾರತೀಯ ಕಲಾ ಪರಿಚಯದ ಪುಸ್ತಕ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ತೊಡಕಾದರೆ ಚಿತ್ರ ನೋಡುತ್ತ ಸಾಗು.

ನಿಜವಾದ ಪಾಠ ಇರುವುದು ಹಾವೇರಿಯ ಸಿದ್ಧೇಶ್ವರ ಗುಡಿಯಲ್ಲಿ. ಕಲ್ಯಾಣ ಚಾಲುಕ್ಯರ ಕಾಲದ, ಬಳಪದ ಕಲ್ಲಿನ ಈ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಆದ್ದರಿಂದ ಸಂಜೆಯೇ ಹೋಗು, ಇಳಿಬಿಸಿಲಲ್ಲಿ ಕಂಬದ ಬಳೆಯಂಥ ಅಂಚುಗಳು ಒಂದೊಂದೂ ಎದ್ದು ಕಾಣುತ್ತವೆ. ಒಂದೇ ಒಂದು ಕಂಬ ಬರೆದುಕೋ, ಅವಸರ ಬೇಡ. ಮುಂದೆ ಚೌಡಯ್ಯದಾನಪುರದ ಮುಕ್ತೇಶ್ವರ, ಆಮೇಲೆ ಗಳಗನಾಥ. ಮೂರರಲ್ಲಿ ಏನೇನು ಬೇರೆ ಎಂದು ನಿನ್ನ ಮಾತಲ್ಲೇ ಟಿಪ್ಪಣಿ ಮಾಡು. ಹಿಡಿ ಮೆಣಸಿನಕಾಯಿ ನೋಡಿ ಡಬ್ಬಿ ತಳಿಯೋ ಕಡ್ಡಿ ತಳಿಯೋ ಎನ್ನುವ ಊರಿನವಳು ನೀನು. ಬೇಕಾದದ್ದು ಅದೇ ಕಣ್ಣು.

ಕೆಲಸಗಳು ಕಡಿಮೆ, ಮುಚ್ಚಿಡುವುದಿಲ್ಲ: ಬೋಧನೆ, ವಸ್ತುಸಂಗ್ರಹಾಲಯ, ಪುರಾತತ್ವ, ಬರವಣಿಗೆ. ಆದರೂ ಪಿಯುಸಿ ನಂತರದ ದೃಶ್ಯಕಲಾ ಪದವಿಗೆ ದಾವಣಗೆರೆ ವಿಶ್ವವಿದ್ಯಾಲಯದ ಕಾಲೇಜು ಹತ್ತಿರವೇ ಇದೆ. ಅರ್ಜಿ ಹಾಕುವ ಮುಂಚೆ ಅಪ್ಪನನ್ನೂ ಕರೆದುಕೊಂಡು ಹೋಗಿ ಒಮ್ಮೆ ನೋಡಿ ಬಾ.