ಸರಾಸರಿ ಸರಿಯಿದ್ದರೆ ಸಾಕೇ?

ನಿಮ್ಮ ತಾಯಿಯವರ ಬಿಪಿ ಬೆಳಿಗ್ಗೆ 160, ಮಧ್ಯಾಹ್ನ 118 ಎಂದಿದ್ದೀರಿ. ಸರಾಸರಿ ಪರವಾಗಿಲ್ಲ ಎಂದು ದಯವಿಟ್ಟು ಸುಮ್ಮನಾಗಬೇಡಿ. ಒತ್ತಡ ಏರಿದಾಗ ಮೂತ್ರಪಿಂಡಕ್ಕೆ ರಕ್ತ ತರುವ ಸಣ್ಣ ನಾಳಗಳು ಬಿಗಿದುಕೊಂಡು ಒಳಗಿನ ಸೋಸುವ ಜಾಲವನ್ನು ಕಾಯುತ್ತವೆ. ನಿಮ್ಮ ತಾಯಿಯವರಂತೆ ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ಶಕ್ತಿ ಕುಗ್ಗುತ್ತದೆ. ಆಗ ಒತ್ತಡ ನೇರವಾಗಿ ಜಾಲಕ್ಕೆ ತಟ್ಟಿ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಕಣ್ಣಿನ ರೆಟಿನಾಗೂ ಅಪಾಯವಿದೆ. ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಮತ್ತು ರೆಟಿನಾ, ಎರಡನ್ನೂ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಲೇಬೇಕು. ಅನುಪಾತ 30 mg/g ದಾಟಿದರೆ ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಿ.

ಬಿಪಿ ಇಳಿದ ದಿನ ಅಮ್ಮ ತಾವಾಗಿಯೇ ಮಾತ್ರೆ ಬಿಡುತ್ತಾರೆ ಎಂದಿದ್ದೀರಲ್ಲ, ಏರಿಳಿತಕ್ಕೆ ಅದೇ ಮುಖ್ಯ ಕಾರಣವಿರಬಹುದು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಎದ್ದಾಗ ತಲೆಸುತ್ತು ಬರುತ್ತದೆ ಎಂಬ ನಿಮ್ಮ ಮಾತು. ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಎದ್ದು ನಿಂತ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಪಕ್ಕದಲ್ಲಿ ನೀವಿರಿ, ಬಿದ್ದಾರು. ಮೇಲಿನ ಅಂಕಿ 20ರಷ್ಟು ಕುಸಿದರೆ ನರಗಳಿಗೂ ತೊಂದರೆಯಾಗಿರಬಹುದು. ಹಾಗಿದ್ದಾಗ ಬೆಳಗಿನ 160 ಒಂದನ್ನೇ ನೋಡಿ ಮಾತ್ರೆ ಹೆಚ್ಚಿಸಿದರೆ ಅಪಾಯ. ಒಂದು ವಾರ ಬೆಳಿಗ್ಗೆ ಮಾತ್ರೆಗೆ ಮುಂಚೆ, ರಾತ್ರಿ ಮಲಗುವ ಮುಂಚೆ ಎರಡೆರಡು ಸಲ ಅಳೆದು ಬರೆದಿಟ್ಟು, ಆ ಚೀಟಿಯನ್ನು ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.