ಮಹಿಳಾ ಡೇರಿಗಳಲ್ಲಿ ದಾನಕೂಟ: ಕಟ್ಟುವುದು ಹೇಗೆ, ನಡೆಸುವುದು ಹೇಗೆ



ಮಹಿಳಾ ಸಂಘಗಳ ತರಬೇತಿಗಳಲ್ಲಿ ಉಳಿತಾಯ ಹೇಗೆ, ಸಾಲ ಹೇಗೆ, ಮರುಪಾವತಿ ಹೇಗೆ ಎಂಬ ಪಾಠಗಳು ಇದ್ದೇ ಇರುತ್ತವೆ. ಕೊಡುವುದು ಹೇಗೆ ಎಂಬ ಪಾಠ ಮಾತ್ರ ಕಾಣುವುದಿಲ್ಲ. ಕೊಡುವುದನ್ನೂ ಕಲಿಯಬೇಕೇ ಎಂದು ನೀವು ಕೇಳಬಹುದು. ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯಿಂದ ದಾನವೆಂದು ಹೋದ ಹಣವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಜಾತ್ರೆಯ ಚಂದಾ, ಗಣಪತಿ ಚಂದಾ ಒಂದು ಕಡೆ ಇರಲಿ, ಅವು ಊರೊಟ್ಟಿನ ಕೆಲಸ. ಆಶ್ರಮದ ಹೆಸರು ಹೇಳಿ ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬಂದವರಿಗೆ ಐವತ್ತು, ನೂರು ಎಂದು ಎಷ್ಟು ಸಲ ಕೊಟ್ಟಿರಿ? ಆ ಹಣ ಏನಾಯಿತು ಎಂದು ಒಂದು ಸಲವಾದರೂ ತಿಳಿಯಿತೇ? ಹಾಲಿನ ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ಪರೀಕ್ಷಕರನ್ನು ನಿಲ್ಲಿಸಿ ಕೇಳುವ ನೀವು, ಈ ಲೆಕ್ಕವನ್ನು ಯಾರ ಬಳಿಯೂ ಕೇಳಲಿಲ್ಲ.

ಹೀಗೆ ಚಿಲ್ಲರೆಯಾಗಿ ಚೆಲ್ಲಿಹೋಗುವ ದಾನವನ್ನು ಹೆಂಗಸರೇ ಕೂಡಿ ಒಂದು ಕಡೆ ಸೇರಿಸಿ, ತಾವೇ ಚರ್ಚಿಸಿ, ತಮ್ಮ ಸುತ್ತಲಿನ ಒಂದು ಒಳ್ಳೆಯ ಸೇವಾ ಸಂಸ್ಥೆಗೆ ಕೊಡುವ ಪದ್ಧತಿ ಹಲವು ದೇಶಗಳಲ್ಲಿದೆ. ಇದನ್ನು ದಾನಕೂಟ ಎಂದು ಕರೆಯೋಣ.

ಇದರಲ್ಲಿ ನಮಗೆ ಹೆಚ್ಚು ಪ್ರಯೋಜನಕ್ಕೆ ಬರುವ ಮಾದರಿ ಅಮೆರಿಕದ ಮಿಷಿಗನ್ ರಾಜ್ಯದ ಜಾಕ್ಸನ್ ಎಂಬ ಊರಿನದು. ಅಲ್ಲಿನ ಒಂದು ಆರೋಗ್ಯ ಕೇಂದ್ರಕ್ಕೆ ಬಡ ಬಾಣಂತಿಯರ ಶಿಶುಗಳಿಗಾಗಿ ತೊಟ್ಟಿಲುಗಳು ಬೇಕಿದ್ದವು. ಬೇಕಾದ ಹಣ ಸುಮಾರು 10,000 ಡಾಲರ್. ಕ್ಯಾರೆನ್ ಡನಿಗನ್ ಎಂಬ ಮಹಿಳೆ ಇದನ್ನು ಕೇಳಿದವರು ದೊಡ್ಡ ದಾನಿಯನ್ನು ಹುಡುಕಿಕೊಂಡು ಹೋಗಲಿಲ್ಲ. ತಲಾ 100 ಡಾಲರ್ ಕೊಡುವ 100 ಹೆಂಗಸರು ಸಿಕ್ಕರೆ ಸಾಕಲ್ಲ ಎಂದು ಲೆಕ್ಕ ಹಾಕಿದರು. 2006ರಲ್ಲಿ ಒಂದೇ ಗಂಟೆಯ ಒಂದು ಸಭೆಯಲ್ಲಿ ಬೇಕಾದುದಕ್ಕಿಂತ ಹೆಚ್ಚೇ ಕೂಡಿತು. ಆ ಪದ್ಧತಿ ಈಗ ಬೇರೆ ಬೇರೆ ದೇಶಗಳ ನೂರಾರು ಊರುಗಳಲ್ಲಿದೆ.

ಅವರ ನಿಯಮಗಳು ಬಹಳ ಸರಳ. ವರ್ಷಕ್ಕೆ ನಾಲ್ಕು ಸಭೆ, ಪ್ರತಿ ಸಭೆ ಒಂದು ಗಂಟೆ. ಸದಸ್ಯೆಯರು ತಮಗೆ ಗೊತ್ತಿರುವ ಸ್ಥಳೀಯ ಸಂಸ್ಥೆಯ ಹೆಸರನ್ನು ಚೀಟಿಯಲ್ಲಿ ಬರೆದು ಹಾಕುತ್ತಾರೆ. ಮೂರು ಚೀಟಿ ಎತ್ತುತ್ತಾರೆ. ಹೆಸರು ಕೊಟ್ಟ ಮೂವರೂ ಐದೈದು ನಿಮಿಷ ತಮ್ಮ ಸಂಸ್ಥೆಯ ಬಗ್ಗೆ ಹೇಳುತ್ತಾರೆ, ಉಳಿದವರು ಪ್ರಶ್ನೆ ಕೇಳುತ್ತಾರೆ, ಮತ ಹಾಕುತ್ತಾರೆ. ಯಾವುದಕ್ಕೆ ಹೆಚ್ಚು ಮತ ಬಂತೋ ಅದಕ್ಕೆ ಎಲ್ಲರೂ ಕೊಡಬೇಕು, ಅದರ ವಿರುದ್ಧ ಮತ ಹಾಕಿದವಳೂ ಕೊಡಬೇಕು. ನನ್ನ ಪ್ರಕಾರ ಇಡೀ ಪದ್ಧತಿಯ ಜೀವ ಇರುವುದು ಈ ಕೊನೆಯ ನಿಯಮದಲ್ಲಿ. ತಾನು ಹೇಳಿದ್ದಕ್ಕೆ ಮಾತ್ರ ಕೊಡುತ್ತೇನೆ ಎಂದರೆ ಕೂಟ ಮೂರನೇ ಸಭೆಗೆ ಮುರಿಯುತ್ತದೆ. ಹಣ ಪಡೆದ ಸಂಸ್ಥೆಯವರು ಮುಂದಿನ ಸಭೆಗೆ ಬಂದು, ಅದರಿಂದ ಏನು ಮಾಡಿದೆವು ಎಂದು ಹೇಳಿ ಹೋಗಬೇಕು.

ಅಮೆರಿಕದ ಮಾತು ದೂರದ್ದು ಅನ್ನಿಸಿದರೆ ನಮ್ಮ ದೇಶದ್ದೇ ಇನ್ನೊಂದಿದೆ, ಅದಕ್ಕಿಂತ ಬಹಳ ಹಳೆಯದು. ಮಿಜೋರಾಂನಲ್ಲಿ 1910ರಲ್ಲಿ ಚರ್ಚಿನ ಮಹಿಳೆಯರು 'ಬುಹ್‌ಫಾಯ್ ಥಾಮ್' ಎಂಬ ಪದ್ಧತಿ ಆರಂಭಿಸಿದರು. ಹಾಗೆಂದರೆ ಹಿಡಿ ಅಕ್ಕಿ. ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆದಾಗ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ತೆಗೆದಿಡುವುದು, ಮನೆಮನೆಯಿಂದ ಅದನ್ನು ಕೂಡಿಸಿ ಮಾರುವುದು, ಬಂದ ಹಣವನ್ನು ಚರ್ಚಿನ ಕೆಲಸಗಳಿಗೆ ಕೊಡುವುದು. ನೂರು ವರ್ಷ ದಾಟಿದರೂ ನಿಂತಿಲ್ಲ. ಆ ಹೆಂಗಸರ ಕೈಯಲ್ಲಿ ಅಂದು ನಗದು ಇರಲಿಲ್ಲ, ಆದರೆ ಒಲೆ ಅವರ ಕೈಯಲ್ಲಿತ್ತು. ಅಲ್ಲಿಂದಲೇ ತೆಗೆದರು.

ನಿಮ್ಮ ಕೈಯಲ್ಲಿ ಇರುವುದು ಹಾಲಿನ ಬಟವಾಡೆ. ಕೇಂದ್ರ ಸರ್ಕಾರ 1986-87ರಲ್ಲಿ ತಂದ ಸ್ಟೆಪ್ ಯೋಜನೆಯಡಿ ನಮ್ಮ ರಾಜ್ಯದಲ್ಲಿ ಬಹಳಷ್ಟು ಮಹಿಳಾ ಡೇರಿಗಳು ಹುಟ್ಟಿದವು. ಹಸು ಮೇಯಿಸುವವಳ ಹೆಸರಿಗೇ ಹಣ ಬರಲಿ ಎಂಬುದು ಅದರ ಉದ್ದೇಶ. ನಿಮ್ಮ ಸಂಘದಲ್ಲಿ 60 ಮಂದಿ ಹಾಲು ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರೂ ವಾರಕ್ಕೆ 10 ರೂಪಾಯಿ ತೆಗೆದಿಟ್ಟರೆ ವಾರಕ್ಕೆ 600, ವರ್ಷಕ್ಕೆ 31,200 ರೂಪಾಯಿ. ನಾಲ್ಕು ಸಭೆಗೆ ಹಂಚಿದರೆ ಸಭೆಗೆ 7,800. ಹತ್ತು ರೂಪಾಯಿ ಎಂದರೆ ಅರ್ಧ ಲೀಟರ್ ಹಾಲಿನ ಬೆಲೆಯೂ ಅಲ್ಲ. ಬರಗಾಲದಲ್ಲಿ, ಹಸು ಬತ್ತಿದಾಗ, ಅದೂ ಭಾರವೇ. ಆದ್ದರಿಂದ ಹಾಲು ಹಾಕದ ವಾರಗಳಲ್ಲಿ ಯಾರೂ ಕೊಡಬೇಕಿಲ್ಲ ಎಂದು ಮೊದಲೇ ಬರೆದುಕೊಳ್ಳಿ. ಆ ಅವಧಿಯಲ್ಲೂ ಅವಳ ಮತ ಉಳಿಯಲಿ.

ಹಸು ಸತ್ತ ಮನೆಗೇ ಕೊಡಬಾರದೇ?

ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೇ. ಪಕ್ಕದ ಮನೆಯ ಕೊಟ್ಟಿಗೆ ಖಾಲಿಯಾಗಿರುವಾಗ ದೂರದ ಸಂಸ್ಥೆಗೆ ಕೊಡಲು ಮನಸ್ಸು ಹೇಗೆ ಬರುತ್ತದೆ? ಆದರೆ ಲೆಕ್ಕ ನೋಡಿ. ಒಳ್ಳೆಯ ಮಿಶ್ರತಳಿ ಹಸುವಿಗೆ ಇಂದು 60-70 ಸಾವಿರ ರೂಪಾಯಿ. ಅರವತ್ತು ಮಂದಿ ವರ್ಷವಿಡೀ ಕೂಡಿಟ್ಟ ಹಣ ಅರ್ಧ ಹಸುವಿಗೆ ಬರುತ್ತದೆ. ವರ್ಷದಲ್ಲಿ ಎರಡು ಹಸು ಸತ್ತರೆ ಮೊದಲನೆಯವಳಿಗೆ ಸಿಕ್ಕಿತು, ಎರಡನೆಯವಳಿಗೆ ಸಿಗಲಿಲ್ಲ ಎಂಬ ಮಾತು ಹುಟ್ಟುತ್ತದೆ, ಆ ಮಾತು ಡೇರಿಯ ಸಾಲಿನಲ್ಲಿ ಹತ್ತು ವರ್ಷ ಉಳಿಯುತ್ತದೆ. ಹಸು ಸಾವಿನ ನಷ್ಟಕ್ಕೆ ಇರುವ ದಾರಿ ರಾಸು ವಿಮೆ. ಕಿವಿಯೋಲೆ ಹಾಕಿಸಿ, ವಿಮೆ ಮಾಡಿಸಿ, ಅವಧಿ ಮುಗಿಯುವ ಮೊದಲೇ ನವೀಕರಿಸಿ. ಓಲೆ ಬಿದ್ದುಹೋದರೆ ಅಂದೇ ತಿಳಿಸಿ. ಮರಣೋತ್ತರ ಪರೀಕ್ಷೆಗೆ ಬಂದಾಗ ಓಲೆಯಿಲ್ಲದ ಕಿವಿ ಕಂಡರೆ ನಮ್ಮ ಕೈಯೂ ಕಟ್ಟಿಹೋಗುತ್ತದೆ.

ವಿಮೆ ಯಾವುದನ್ನು ತುಂಬಿಕೊಡುವುದಿಲ್ಲವೋ ಅದಕ್ಕೆ ದಾನಕೂಟ. ಹೋಬಳಿಯಲ್ಲಿ ಬುದ್ಧಿಮಾಂದ್ಯ ಮಕ್ಕಳಿಗೆ ಹಗಲು ಶಾಲೆ ನಡೆಸುವವರು ಇರಬಹುದು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಶುಶ್ರೂಷೆ ಮಾಡುವ ಸಂಸ್ಥೆ ಇರಬಹುದು. ಅಂಥ ಮಗು, ಅಂಥ ಅತ್ತೆ, ನಿಮ್ಮಲ್ಲೇ ಯಾರದೋ ಮನೆಯಲ್ಲಿರುತ್ತಾರೆ. ಬೆಳಗಿನ ಹಾಲು ಹಾಕಲು ಓಡಿ ಬರುವಾಗ ಅವರನ್ನು ಯಾರ ಕೈಗೆ ಬಿಟ್ಟು ಬಂದಳು ಎಂದು ನಾವು ಕೇಳುವುದಿಲ್ಲ. 7,800 ರೂಪಾಯಿ ದೊಡ್ಡ ಸಂಸ್ಥೆಗೆ ಲೆಕ್ಕಕ್ಕೇ ಬಾರದು. ಇಂಥ ಸಣ್ಣ ಸಂಸ್ಥೆಗೆ ಒಂದು ಗಾಲಿಕುರ್ಚಿ, ಅಥವಾ ಆಟೋ ಬಾಡಿಗೆ.

ನೋಡದೆ ಕೊಡಬೇಡಿ

ಸಂಸ್ಥೆಯ ಹೆಸರು ಹೇಳುವ ಸದಸ್ಯೆ ಒಮ್ಮೆ ಅಲ್ಲಿಗೆ ಹೋಗಿ ಬಂದಿರಬೇಕು, ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು. ನೋಂದಣಿ ಪತ್ರ, ಹಿಂದಿನ ವರ್ಷದ ಆಡಿಟ್ ವರದಿ ತೋರಿಸಿ ಎಂದು ಕೇಳಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ನೋಂದಾಯಿಸಿದ ಸಂಸ್ಥೆ ಪ್ರತಿ ವರ್ಷ ಲೆಕ್ಕಪತ್ರವನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆದ್ದರಿಂದ ಲೆಕ್ಕ ಕೇಳಿದರೆ ಸಿಟ್ಟಾಗುವವರ ಬಗ್ಗೆ ನಿಮಗೆ ಅಲ್ಲೇ ಉತ್ತರ ಸಿಕ್ಕಿದೆ. ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಇದೆಯೇ ಎಂದು ಓದಿದ ಮಕ್ಕಳಿಂದ ಮೊಬೈಲ್‌ನಲ್ಲಿ ನೋಡಿಸಿ. 80ಜಿ ರಸೀದಿ ಇದೆ ಎಂದು ಹೇಳಿಕೊಳ್ಳುವವರು ಬಹಳ. ಆದಾಯ ತೆರಿಗೆ ಕಟ್ಟದ ನಿಮಗೆ ಅದರಿಂದ ವಿನಾಯಿತಿ ಏನೂ ಬರುವುದಿಲ್ಲ. ಇಲಾಖೆಯ ನೋಂದಣಿ ಪಡೆದಿದ್ದಾರೆ ಎಂಬ ಒಂದು ಗುರುತಷ್ಟೆ.

ಕಾಗದಕ್ಕಿಂತ ಕಣ್ಣು ಮುಖ್ಯ. ನನಗೆ ಗೊತ್ತಿರುವ ವಿಷಯದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಹೈನುಗಾರ್ತಿಯರ ಕೂಟದಲ್ಲಿ ಗೋಶಾಲೆಯ ಹೆಸರು ಬರದೇ ಇರುವುದಿಲ್ಲ. 80 ರಾಸು ಸಾಕುತ್ತಿದ್ದೇವೆ ಎಂದು ಅವರು ಹೇಳಿದರು ಅನ್ನೋಣ. 300 ಕೆ.ಜಿ. ತೂಕದ, ಹಾಲು ಕೊಡದ ಹಸುವಿಗೂ ದಿನಕ್ಕೆ ದೇಹತೂಕದ ಶೇ. 2ರಷ್ಟಾದರೂ, ಎಂದರೆ 6 ಕೆ.ಜಿ. ಒಣಪದಾರ್ಥ ಬೇಕು. 80 ರಾಸುಗಳಿಗೆ ದಿನಕ್ಕೆ 480 ಕೆ.ಜಿ., ಹೆಚ್ಚುಕಡಿಮೆ ಅರ್ಧ ಟನ್. ತಿಂಗಳಿಗೆ 14 ಟನ್ ದಾಟುತ್ತದೆ. ಈಗ ಸುತ್ತ ನೋಡಿ: ಅಷ್ಟು ಹುಲ್ಲಿನ ಬಣವೆ ಎಲ್ಲಿದೆ? ಹಸಿರು ಮೇವಿನ ಹೊಲ ಎಲ್ಲಿದೆ? ಒಂದು ರಾಸು ದಿನಕ್ಕೆ 30-40 ಲೀಟರ್ ನೀರು ಕುಡಿಯುತ್ತದೆ, ತೊಟ್ಟಿ ಎಷ್ಟು ದೊಡ್ಡದು? ರಾಸುಗಳ ಕಿವಿಯಲ್ಲಿ 12 ಅಂಕಿಯ ಓಲೆ ಇದೆಯೇ, ಸಾವಿನ ಲೆಕ್ಕ ಬರೆದಿದ್ದಾರೆಯೇ ಎಂದು ಕೇಳಿ. ಪಕ್ಕೆಲುಬು, ಸೊಂಟದ ಮೂಳೆ, ಸಗಣಿ ನೋಡಿದರೆ ಹೊಟ್ಟೆಗೆ ಬೀಳುತ್ತಿದೆಯೋ ಇಲ್ಲವೋ ನಿಮಗೆ ನನಗಿಂತ ಬೇಗ ತಿಳಿಯುತ್ತದೆ. ಪೂಜೆಯ ಮಂಟಪ ಹೊಸದಾಗಿದ್ದು ಮೇವಿನ ಕೊಟ್ಟಿಗೆ ಖಾಲಿಯಿದ್ದರೆ ನಮಸ್ಕಾರ ಮಾಡಿ ಬನ್ನಿ, ಹಣ ಬೇಡ. ಕಷ್ಟಪಟ್ಟು ಚೆನ್ನಾಗಿ ನಡೆಸುವವರೂ ಇದ್ದಾರೆ, ಅಂಥವರಿಗೆ ಬೇಸಿಗೆಯ ಎರಡು ಲೋಡ್ ಹುಲ್ಲು ದೇವರು ಬಂದಂತೆ.

ಮತ ಹಾಕುವಾಗ ಕೈ ಎತ್ತಿಸಬೇಡಿ. ಓರಗಿತ್ತಿ ಹೇಳಿದ ಸಂಸ್ಥೆಗೆ ಎದುರಾಗಿ ಕೈ ಎತ್ತಲು ಯಾರಿಗೆ ಧೈರ್ಯ? ಅಧ್ಯಕ್ಷರು ಯಾವ ಕಡೆ ನೋಡುತ್ತಾರೋ ಕೈಗಳೂ ಆ ಕಡೆ ಏಳುತ್ತವೆ. ಒಳಕೋಣೆಯಲ್ಲಿ ಮೂರು ಚೊಂಬು ಇಡಿ, ಒಂದೊಂದರ ಮುಂದೆ ಒಂದೊಂದು ಸಂಸ್ಥೆಯ ಗುರುತು. ಪ್ರತಿಯೊಬ್ಬರ ಕೈಗೂ ಒಂದೊಂದು ಹುಣಸೆ ಬೀಜ ಕೊಡಿ. ಒಬ್ಬೊಬ್ಬರೇ ಒಳಗೆ ಹೋಗಿ ಬೀಜ ಹಾಕಿ ಬರಲಿ. ಓದು ಬಾರದವರಿಗೂ ತೊಂದರೆಯಿಲ್ಲ. ಎಣಿಕೆ ಎಲ್ಲರ ಎದುರಿಗೆ ಆಗಲಿ. ಸಭೆಗೆ ಗಂಡಸರು ಬೇಡ. ಇದನ್ನು ಒರಟಾಗಿಯೇ ಹೇಳುತ್ತಿದ್ದೇನೆ, ಏಕೆಂದರೆ ಕೆಲವು ಮಹಿಳಾ ಡೇರಿಗಳಲ್ಲಿ ಸಹಿ ಅಧ್ಯಕ್ಷೆಯದು, ಮಾತು ಅವರ ಯಜಮಾನರದು. ಹತ್ತು ರೂಪಾಯಿಯ ವಿಷಯದಲ್ಲಾದರೂ ಮಾತು ನಿಮ್ಮದಿರಲಿ.

ಹಣ ಇಡುವ ಬಗೆ. ಸಂಘದ ಲೆಕ್ಕಕ್ಕೆ ಇದನ್ನು ಸೇರಿಸಲೇಬೇಡಿ, ಆಡಿಟ್‌ನಲ್ಲಿ ಕಾರ್ಯದರ್ಶಿ ಉತ್ತರ ಕೊಡಬೇಕಾಗುತ್ತದೆ. ಸಂಘದ ಲಾಭದಿಂದ ಧರ್ಮಕಾರ್ಯಕ್ಕೆ ಕೊಡುವುದು ಬೇರೆಯೇ ವಿಷಯ. 1912ರ ಸಹಕಾರ ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿತ್ತು: ನಿವ್ವಳ ಲಾಭದ ಕಾಲು ಭಾಗವನ್ನು ಆಪದ್ಧನಕ್ಕೆ ಇಟ್ಟ ಮೇಲೆ, ಉಳಿದುದರಲ್ಲಿ ಶೇ. 10ರವರೆಗೆ, ಅದೂ ರಿಜಿಸ್ಟ್ರಾರ್ ಒಪ್ಪಿಗೆಯಿಂದ. ಈಗ ನಮ್ಮ ರಾಜ್ಯದ 1959ರ ಕಾಯ್ದೆ ಮತ್ತು ನಿಮ್ಮ ಸಂಘದ ಉಪವಿಧಿಯಂತೆ, ಮಹಾಸಭೆಯ ಮುಂದೆ ಇಟ್ಟೇ ನಡೆಯಬೇಕಾದ ಕೆಲಸ ಅದು. ದಾನಕೂಟದ ಹಣ ನಿಮ್ಮ ಸ್ವಂತದ್ದು. ಅದಕ್ಕೆ ಬೇರೆ ಉಳಿತಾಯ ಖಾತೆ ಇರಲಿ, ಇಬ್ಬರ ಜಂಟಿ ಸಹಿಯಲ್ಲಿ, ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಸಂಸ್ಥೆಗೆ ಚೆಕ್ ಮೂಲಕ ಅಥವಾ ಖಾತೆಯಿಂದ ಖಾತೆಗೆ ಮಾತ್ರ ಕೊಡಿ. ಇದರಿಂದ ಯಾರಿಗೂ ಸಾಲ ಕೊಡಬೇಡಿ, ಒಂದು ದಿನದ ಮಟ್ಟಿಗೂ. ಸಾಲಕ್ಕೆ ನಿಮ್ಮ ಸ್ತ್ರೀಶಕ್ತಿ ಗುಂಪು ಇದೆ. ಬಟವಾಡೆಯಲ್ಲಿ ಎಲ್ಲರಿಂದಲೂ ಹತ್ತು ರೂಪಾಯಿ ಮುರಿದುಕೊಳ್ಳಿ ಎಂದು ಕಾರ್ಯದರ್ಶಿಗೆ ಹೇಳುವುದು ಸುಲಭ ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಕೇಳದೆ ಮುರಿದುಕೊಂಡದ್ದು ಕಡಿತ, ದಾನವಲ್ಲ. ಬೇಡ ಎಂದವಳನ್ನು ಮತ್ತೆ ಕೇಳಬೇಡಿ, ಅವಳ ಹಸುವಿನ ಚಿಕಿತ್ಸೆಗೋ ಪಶು ಆಹಾರದ ಚೀಲಕ್ಕೋ ಇದನ್ನು ತಳುಕು ಹಾಕಬೇಡಿ.

ಮೊದಲ ಸಭೆಗೆ ಅರವತ್ತು ಮಂದಿ ಬೇಕಿಲ್ಲ, ಹದಿನೈದು ಸಾಕು. ಸಂಜೆ ಹಾಲು ಕರೆಯುವ ಹೊತ್ತು ಬಿಟ್ಟು ಮಧ್ಯಾಹ್ನ ಇಟ್ಟುಕೊಳ್ಳಿ, ಬಿತ್ತನೆ ಮತ್ತು ಸುಗ್ಗಿಯ ತಿಂಗಳುಗಳನ್ನು ತಪ್ಪಿಸಿ. ಒಂದು ಪುಸ್ತಕದಲ್ಲಿ ದಿನಾಂಕ, ಬಂದವರ ಹೆಸರು, ಮೂರು ಸಂಸ್ಥೆ, ಬಿದ್ದ ಬೀಜ, ಕೊಟ್ಟ ಹಣ ಬರೆದಿಡಿ. ಒಂದು ಕಾಲಂ ಖಾಲಿ ಬಿಡಿ. ಮೂರು ತಿಂಗಳ ನಂತರ ಸಂಸ್ಥೆಯವರು ಬಂದು ಹೇಳಿದ್ದನ್ನು ಅಲ್ಲಿ ಬರೆಯಬೇಕು. ಅವರು ಬರದಿದ್ದರೆ 'ಬರಲಿಲ್ಲ' ಎಂದು ಬರೆಯಿರಿ, ಮುಂದೆ ಯಾರಾದರೂ ಆ ಹೆಸರಿನ ಚೀಟಿ ಹಾಕಿದಾಗ ಆ ಪುಟ ತೆಗೆದು ಓದಿ.