ಕಾರ್ಬನ್ ಕ್ರೆಡಿಟ್: ನಿರ್ಣಯ ಕೈಗೊಳ್ಳುವ ಮುನ್ನ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಬದುವಿನ ಮೇಲೆ ಗಿಡ ನೆಟ್ಟರೆ, ಭತ್ತದ ಗದ್ದೆಗೆ ನೀರನ್ನು ಮಿತವಾಗಿ ಹಾಯಿಸಿದರೆ ಅಥವಾ ಸೌದೆಯ ಬದಲು ಗೋಬರ್ ಗ್ಯಾಸ್ ಬಳಸಿದರೆ ವಿದೇಶದಿಂದ ಹಣ ಬರುತ್ತದೆ ಎಂಬ ಮಾತು ಈಗ ಹಳ್ಳಿಗಳಲ್ಲಿಯೂ ಕೇಳಿಬರುತ್ತದೆ. ಈ ಮಾತಿಗೆ ಆಧಾರವಿದೆ. ಆದರೆ ಅದರ ಹಿಂದೆ ಕಟ್ಟುನಿಟ್ಟಾದ ಷರತ್ತುಗಳೂ ಇವೆ. ಅಂತಹ ಪ್ರಸ್ತಾವನೆಯೊಂದು ಪಂಚಾಯತಿಯ ಮುಂದೆ ಬಂದಾಗ ಸದಸ್ಯರು ವಿಷಯವನ್ನರಿತು ತೀರ್ಮಾನಿಸಲು ನೆರವಾಗುವುದು ಈ ಪಾಠದ ಉದ್ದೇಶ.

1. ಕ್ರೆಡಿಟ್ ಎಂದರೇನು?

ಒಂದು ಟನ್ ಇಂಗಾಲದ ಡೈಆಕ್ಸೈಡ್ ವಾತಾವರಣಕ್ಕೆ ಸೇರುವುದನ್ನು ತಡೆದರೆ ಅಥವಾ ಅಷ್ಟನ್ನು ವಾತಾವರಣದಿಂದ ಹೀರಿಕೊಂಡರೆ ದೊರೆಯುವ ದೃಢೀಕೃತ ಪ್ರಮಾಣಪತ್ರವೇ ಒಂದು ಕಾರ್ಬನ್ ಕ್ರೆಡಿಟ್. ಇತರ ಹಸಿರುಮನೆ ಅನಿಲಗಳನ್ನೂ ಇದೇ ಅಳತೆಗೆ ಪರಿವರ್ತಿಸಲಾಗುತ್ತದೆ. ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ ಒಂದು ಟನ್ ಮೀಥೇನ್ ಸುಮಾರು 28 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ.

ಇಲ್ಲಿ ಹಣ ದೊರೆಯುವುದು ಒಳ್ಳೆಯ ಕೆಲಸ ಮಾಡಿದ್ದಕ್ಕಲ್ಲ, ಅಳೆದು ತೋರಿಸಿದ ವ್ಯತ್ಯಾಸಕ್ಕೆ. ಯೋಜನೆ ಇಲ್ಲದಿದ್ದರೆ ಎಷ್ಟು ಅನಿಲ ಹೊರಬೀಳುತ್ತಿತ್ತು, ಯೋಜನೆಯಿಂದ ಎಷ್ಟು ಕಡಿಮೆಯಾಯಿತು ಎಂಬುದನ್ನು ದಾಖಲೆ ಸಹಿತ ತೋರಿಸಬೇಕು. ಹೇಗಿದ್ದರೂ ನಡೆಯುತ್ತಿದ್ದ ಕೆಲಸಕ್ಕೆ ಕ್ರೆಡಿಟ್ ಸಲ್ಲುವುದಿಲ್ಲ.

2. ಅಂತರರಾಷ್ಟ್ರೀಯ ವ್ಯವಸ್ಥೆ

1997ರಲ್ಲಿ ಅಂಗೀಕೃತವಾದ ಕ್ಯೋಟೊ ಒಪ್ಪಂದವು 2005ರ ಫೆಬ್ರವರಿ 16ರಂದು ಜಾರಿಗೆ ಬಂದಿತು. ಅದು ಕೈಗಾರಿಕಾ ರಾಷ್ಟ್ರಗಳ ಹೊರಸೂಸುವಿಕೆಗೆ ಮಿತಿ ಹಾಕಿತು. ಆ ರಾಷ್ಟ್ರಗಳು ತಮ್ಮ ಗುರಿಯ ಒಂದು ಭಾಗವನ್ನು ಅಭಿವೃದ್ಧಿಶೀಲ ದೇಶಗಳಲ್ಲಿನ ಯೋಜನೆಗಳಿಂದ ಕ್ರೆಡಿಟ್ ಖರೀದಿಸಿ ಪೂರೈಸಿಕೊಳ್ಳಬಹುದಾಗಿತ್ತು. ಈ ಏರ್ಪಾಡಿಗೆ ಸಿಡಿಎಂ, ಅಂದರೆ ಶುದ್ಧ ಅಭಿವೃದ್ಧಿ ಕಾರ್ಯವಿಧಾನ ಎಂದು ಹೆಸರು. ವಾತಾವರಣ ಎಲ್ಲರಿಗೂ ಒಂದೇ ಆಗಿರುವುದರಿಂದ ಕಡಿಮೆ ಖರ್ಚಿನಲ್ಲಿ ಸಾಧ್ಯವಿರುವ ಕಡೆ ಮೊದಲು ಕಡಿತ ಮಾಡುವುದು, ಆ ಮೂಲಕ ಬಡ ದೇಶಗಳಿಗೆ ಬಂಡವಾಳ ಒದಗಿಸುವುದು ಇದರ ತಿರುಳು.

ಆದರೆ ಬೇಡಿಕೆ ಕುಸಿದಾಗ ಬೆಲೆಯೂ ಕುಸಿಯಿತು. 2008ರಲ್ಲಿ 20 ಯೂರೋ ದಾಟಿದ್ದ ಸಿಡಿಎಂ ಕ್ರೆಡಿಟ್ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗಿಳಿಯಿತು. 2015ರ ಪ್ಯಾರಿಸ್ ಒಪ್ಪಂದದ 6ನೇ ವಿಧಿಯು ಹೊಸ ಏರ್ಪಾಡಿಗೆ ದಾರಿ ಮಾಡಿತು. ಇದರಂತೆ ಒಂದು ದೇಶವು ಕಡಿತವನ್ನು ಮತ್ತೊಂದು ದೇಶಕ್ಕೆ ವರ್ಗಾಯಿಸಿದರೆ ಅದನ್ನು ತನ್ನ ಲೆಕ್ಕದಿಂದ ತೆಗೆಯಬೇಕು. ಒಂದೇ ಟನ್ನನ್ನು ಎರಡು ದೇಶಗಳು ಎಣಿಸುವಂತಿಲ್ಲ. ಭಾರತ ಸರ್ಕಾರವು 2023ರ ಜೂನ್‌ನಲ್ಲಿ ದೇಶದೊಳಗಿನ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನೂ ಅಧಿಸೂಚಿಸಿದೆ.

3. ಬಾಗೇಪಲ್ಲಿಯ ಉದಾಹರಣೆ

ಕರ್ನಾಟಕದಲ್ಲಿ ಬಡ ಕುಟುಂಬಗಳು ಈ ವ್ಯವಸ್ಥೆಯೊಳಗೆ ಪ್ರವೇಶಿಸಿದ ಮುಖ್ಯ ನಿದರ್ಶನ ಬಾಗೇಪಲ್ಲಿಯದು. ಆಗಿನ ಕೋಲಾರ ಜಿಲ್ಲೆಯಲ್ಲಿ ಬಾಗೇಪಲ್ಲಿ ಕೂಲಿ ಸಂಘವು 5,500 ಕುಟುಂಬಗಳಿಗೆ ತಲಾ 2 ಘನ ಮೀಟರ್ ಸಾಮರ್ಥ್ಯದ ಜೈವಿಕ ಅನಿಲ ಘಟಕ ಒದಗಿಸುವ ಯೋಜನೆ ರೂಪಿಸಿತು. ಅದು 2005ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಿಡಿಎಂ ವ್ಯವಸ್ಥೆಯಡಿ ನೋಂದಣಿಯಾಯಿತು. ಸೌದೆ ಮತ್ತು ಸೀಮೆಎಣ್ಣೆಯ ಒಲೆಗಳ ಜಾಗದಲ್ಲಿ ಸಗಣಿಯ ಅನಿಲದ ಒಲೆ ಬಂದದ್ದರಿಂದ ಉಳಿಯುವ ಹೊರಸೂಸುವಿಕೆಯೇ ಇಲ್ಲಿನ ಕ್ರೆಡಿಟ್.

ಯೋಜನೆಯ ಅಂದಾಜು ವರ್ಷಕ್ಕೆ ಸುಮಾರು 19,500 ಟನ್. ಕುಟುಂಬವೊಂದಕ್ಕೆ ಮೂರೂವರೆ ಟನ್. ಲೆಕ್ಕಕ್ಕಾಗಿ ಟನ್ನಿಗೆ 800 ರೂಪಾಯಿ ಎಂದಿಟ್ಟುಕೊಂಡರೆ ಕುಟುಂಬದ ಪಾಲು 2,800 ರೂಪಾಯಿ ಆಗುತ್ತದೆ. ಸ್ವತಂತ್ರ ಪರಿಶೀಲನೆಯ ವೆಚ್ಚವನ್ನು ಒಂಟಿ ಕುಟುಂಬ ಈ ಮೊತ್ತದಲ್ಲಿ ಭರಿಸಲಾರದು. ಸಾವಿರಾರು ಕುಟುಂಬಗಳು ಒಂದೇ ದಾಖಲೆಯಡಿ ಸೇರಿದಾಗ ಮಾತ್ರ ಲೆಕ್ಕ ಕೂಡುತ್ತದೆ. ಒಲೆ ಉರಿಯದ ದಿನಗಳಿಗೆ ಕ್ರೆಡಿಟ್ ಇಲ್ಲವಾದ್ದರಿಂದ ಘಟಕಗಳ ದುರಸ್ತಿ ಮತ್ತು ಬಳಕೆಯ ದಾಖಲೆ ನಿರ್ಮಾಣದಷ್ಟೇ ಮುಖ್ಯ.

4. ಯಾದಗಿರಿ ಜಿಲ್ಲೆಯ ಸ್ಥಿತಿ

ಬಸವಸಾಗರದಿಂದ ಹೊರಡುವ ನಾರಾಯಣಪುರ ಎಡದಂಡೆ ಕಾಲುವೆಯ ಆಸರೆಯಲ್ಲಿ ಸುರಪುರ ಮತ್ತು ಶಹಾಪುರ ತಾಲ್ಲೂಕುಗಳಲ್ಲಿ ಭತ್ತ ಬೆಳೆಯಲಾಗುತ್ತದೆ. ಸದಾ ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿ ಸಿಗದೆ ಸೂಕ್ಷ್ಮಜೀವಿಗಳು ಮೀಥೇನ್ ಉತ್ಪಾದಿಸುತ್ತವೆ. ಇದನ್ನು ತಗ್ಗಿಸಲು ಗದ್ದೆಯಲ್ಲಿ ರಂಧ್ರಗಳುಳ್ಳ ಕೊಳವೆ ಹೂತು, ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ಹಾಯಿಸುವ ಪದ್ಧತಿಯಿದೆ. ಹೂ ಬಿಡುವ ಕಾಲದಲ್ಲಿ ಮಾತ್ರ ಗದ್ದೆಯಲ್ಲಿ ನೀರು ಇರಲೇಬೇಕು. ಸರಿಯಾಗಿ ಅನುಸರಿಸಿದರೆ ಮೀಥೇನ್ ಅರ್ಧದಷ್ಟು ಇಳಿಯಬಲ್ಲದು, ನೀರೂ ಉಳಿಯುತ್ತದೆ. ಯೂರಿಯಾ ಅತಿಯಾದರೆ ನೈಟ್ರಸ್ ಆಕ್ಸೈಡ್ ಹೆಚ್ಚಿ ಈ ಲಾಭದ ಒಂದು ಪಾಲು ನಷ್ಟವಾಗುತ್ತದೆ.

ಇಲ್ಲಿ ಒಂದು ತೊಡಕಿದೆ. ವಾರಾಬಂದಿಯಿಂದ ಕಾಲುವೆ ಬಂದ್ ಆಗಿ ಗದ್ದೆ ತಾನಾಗಿಯೇ ಒಣಗಿದರೆ ಅದು ಯೋಜನೆಯ ಫಲವೆಂದು ಹೇಳಲಾಗದು. ಬಂದ್ ಅವಧಿಯ ಭಯದಿಂದ ರೈತರು ಗದ್ದೆ ತುಂಬಿಸಿಕೊಳ್ಳುವುದೂ ಸಹಜ. ಕಾಲುವೆಯ ಕೊನೆಯಂಚಿನ ರೈತರಿಗಂತೂ ನೀರು ಬರುವ ದಿನವೇ ಖಚಿತವಲ್ಲ. ಆದ್ದರಿಂದ ನೀರಾವರಿ ಇಲಾಖೆಯ ವೇಳಾಪಟ್ಟಿಯನ್ನು ಗಣಿಸದ ಪ್ರಸ್ತಾವನೆ ಪರಿಶೀಲನೆಯಲ್ಲಿ ನಿಲ್ಲುವುದು ಕಷ್ಟ. 2024ರ ಆಗಸ್ಟ್‌ನಲ್ಲಿ ವೆರಾ ಎಂಬ ಅಂತರರಾಷ್ಟ್ರೀಯ ನೋಂದಣಿ ಸಂಸ್ಥೆಯು ಚೀನಾದ 37 ಭತ್ತದ ಯೋಜನೆಗಳನ್ನು ತಿರಸ್ಕರಿಸಿತು.

ಖುಷ್ಕಿ ಭೂಮಿಯಲ್ಲಿ ನೀರು ನಿಲ್ಲದ ಕಾರಣ ತೊಗರಿ, ಹತ್ತಿಯ ಹೊಲಗಳಿಗೆ ಈ ಲೆಕ್ಕ ಅನ್ವಯಿಸದು. ಅಲ್ಲಿ ಗಿಡ ನೆಡುವ ಪ್ರಸ್ತಾವನೆ ಬರಬಹುದು. ಮರ ಇಂಗಾಲವನ್ನು ಹಿಡಿದಿಟ್ಟುಕೊಳ್ಳಲು ದಶಕಗಳು ಬೇಕಾಗುವುದರಿಂದ ಇಂತಹ ಒಪ್ಪಂದಗಳ ಅವಧಿಯೂ ದೀರ್ಘ. ಗೋಮಾಳವು ಸರ್ಕಾರದ ಕಂದಾಯ ಭೂಮಿ. ಅದನ್ನು ಪಂಚಾಯತಿಯು ತನ್ನ ನಿರ್ಣಯ ಮಾತ್ರದಿಂದ ಯಾರಿಗೂ ಬರೆದುಕೊಡಲು ಬರುವುದಿಲ್ಲ. ಅಲ್ಲಿ ದನಕುರಿ ಮೇಯಿಸುವವರ ಅಗತ್ಯವನ್ನೂ ಮೊದಲೇ ಚರ್ಚಿಸತಕ್ಕದ್ದು.

5. ಕೇಳಬೇಕಾದ ಪ್ರಶ್ನೆಗಳು

(ಅ) ಯೋಜನೆ ಯಾವ ನೋಂದಣಿ ವ್ಯವಸ್ಥೆಯಡಿ ಇದೆ? ಅದರ ಸಂಖ್ಯೆ ಏನು?
(ಆ) ಕ್ರೆಡಿಟ್ ಯಾರ ಹೆಸರಿನಲ್ಲಿರುತ್ತದೆ? ಮಾರಾಟದ ಹಣದಲ್ಲಿ ರೈತರ ಪಾಲು ಶೇಕಡಾ ಎಷ್ಟು? ಖರ್ಚು ಕಳೆಯುವ ಮುನ್ನವೋ, ಕಳೆದ ಮೇಲೋ?
(ಇ) ಬೆಲೆ ಕುಸಿದರೆ ಅಥವಾ ಪರಿಶೀಲನೆಯಲ್ಲಿ ಯೋಜನೆ ಬಿದ್ದುಹೋದರೆ ನಷ್ಟ ಯಾರದು?
(ಈ) ಒಪ್ಪಂದದ ಅವಧಿ ಎಷ್ಟು? ನಡುವೆ ಹೊರಬರಲು, ಜಮೀನು ಮಾರಲು, ಬೆಳೆ ಬದಲಿಸಲು ಅವಕಾಶವಿದೆಯೇ?
(ಉ) ದಿನವಹಿ ದಾಖಲೆ ಇಡುವವರು ಯಾರು? ಅವರಿಗೆ ಸಂಭಾವನೆ ಇದೆಯೇ?
(ಊ) ಒಪ್ಪಂದದ ಪೂರ್ಣ ಪ್ರತಿ ಕನ್ನಡದಲ್ಲಿ ಲಭ್ಯವಿದೆಯೇ?

ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದು, ಅದನ್ನು ಗ್ರಾಮ ಸಭೆಯಲ್ಲಿ ಓದಿ ಹೇಳಿ, ಕೃಷಿ ಹಾಗೂ ಕಂದಾಯ ಇಲಾಖೆಗಳ ಅಭಿಪ್ರಾಯ ದೊರೆತ ನಂತರವೇ ನಿರ್ಣಯ ಕೈಗೊಳ್ಳುವುದು ಸೂಕ್ತ. ಗೋಬರ್ ಗ್ಯಾಸ್ ಘಟಕ, ಮಿತ ನೀರಿನ ಭತ್ತ, ಬದುವಿನ ಮರಗಳು ಕ್ರೆಡಿಟ್ ಬಾರದಿದ್ದರೂ ಗ್ರಾಮಕ್ಕೆ ಉಪಯುಕ್ತವೇ. ಕ್ರೆಡಿಟ್ ಹಣವೊಂದನ್ನೇ ನಂಬಿ ಸಾಲ ಮಾಡದಂತೆ ರೈತರಿಗೆ ತಿಳಿಹೇಳುವ ಹೊಣೆ ಸದಸ್ಯರದು.